ಘೋಷಿತ ಮೌಲ್ಯ: ಮಿರಜಿನ ತಂಬೂರಿ, ಸಾಗಣೆಯ ಹೊಣೆ ಮತ್ತು ಗಡಿನಾಡಿನ ಒಂದು ಚರಿತ್ರೆ

ಕೆಲವು ವರ್ಷಗಳ ಹಿಂದೆ ಜತ್ತ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿದ್ದ ಅಜ್ಜಿಯ ತಂಬೂರಿಯನ್ನು ಮಿರಜಿನಲ್ಲಿ ದುರಸ್ತಿ ಮಾಡಿಸಿ, ಕಾಸರಗೋಡಿನಲ್ಲಿರುವ ಚಿಕ್ಕಮ್ಮನಿಗೆ ಕೊರಿಯರ್ ಮೂಲಕ ಕಳುಹಿಸಬೇಕಾಯಿತು. ಬುಕಿಂಗ್ ಮಾಡುವ ಹುಡುಗ ಮರಾಠಿಯಲ್ಲಿ ಪ್ರಶ್ನೆ ಕೇಳಿದ, ನಾನು ಮರಾಠಿಯಲ್ಲೇ ಉತ್ತರಿಸಿದೆ, ಅವನು ಇಂಗ್ಲಿಷಿನ ಅರ್ಜಿಯನ್ನು ತುಂಬಿದ. ವಸ್ತುವಿನ ವಿವರಣೆಯ ಜಾಗದಲ್ಲಿ ‘ಹಳೆಯ ಗೃಹೋಪಯೋಗಿ ವಸ್ತು’ ಎಂದೂ ಮೌಲ್ಯದ ಜಾಗದಲ್ಲಿ 2000 ರೂಪಾಯಿ ಎಂದೂ ಬರೆದ. ಹೆಚ್ಚು ಬರೆದರೆ ದರವೂ ಹೆಚ್ಚು, ಕಾಗದಪತ್ರವೂ ಹೆಚ್ಚು ಎಂಬುದು ಅವನ ಸಲಹೆ. ನಾನು ಸಹಿ ಮಾಡಿದೆ. ಹತ್ತು ದಿನಗಳ ಅನಂತರ ಪೆಟ್ಟಿಗೆ ತಲುಪಿದಾಗ ಬುರುಡೆಯ ಮೇಲೆ ಗೇಣುದ್ದದ ಬಿರುಕು ಇತ್ತು. ಪರಿಹಾರವಾಗಿ 2000 ರೂಪಾಯಿ ಬಂತು. ಅದು ಅನ್ಯಾಯವೆಂದು ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ನಾನೇ ಒಪ್ಪಿಕೊಂಡ ಬೆಲೆಯನ್ನೇ ಅವರು ಕೊಟ್ಟಿದ್ದರು.

ಈ ಸಣ್ಣ ಪ್ರಸಂಗವನ್ನು ದೂರಿನ ಉದ್ದೇಶದಿಂದ ಹೇಳುತ್ತಿಲ್ಲ. ಬೆಲೆಬಾಳುವ ವಾದ್ಯವೊಂದನ್ನು ಅಪರಿಚಿತರ ಕೈಗೆ ಒಪ್ಪಿಸುವಾಗ ‘ಇದರ ಬೆಲೆ ಎಷ್ಟು’ ಎಂಬ ಪ್ರಶ್ನೆಗೆ ಯಾರು, ಯಾವ ಭಾಷೆಯಲ್ಲಿ, ಯಾವ ಪುರಾವೆಯೊಂದಿಗೆ ಉತ್ತರಿಸುತ್ತಾರೆ ಎಂಬುದಕ್ಕೆ ಒಂದು ದೀರ್ಘ ಚರಿತ್ರೆಯಿದೆ. ಆ ಚರಿತ್ರೆಯನ್ನು ಮಿರಜನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಗಡಿನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ಕೇವಲ ವಾಣಿಜ್ಯದ ಪ್ರಶ್ನೆಯಲ್ಲ ಎಂಬುದು ನನ್ನ ವಾದ.

ಬುರುಡೆಯ ಭೂಗೋಳ

ಮಿರಜಿನ ತಂತಿವಾದ್ಯಗಳ ಕಸುಬು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ಬೇರೂರಿತು. ಶಸ್ತ್ರಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಸಮುದಾಯಕ್ಕೆ ಸೇರಿದ ಫರೀದ್‌ಸಾಹೇಬರು ಈ ಕಸುಬಿನ ಮೂಲಪುರುಷರೆಂದು ಪರಿಗಣಿತರು. ಕತ್ತಿಗೆ ಬೇಡಿಕೆ ಕುಗ್ಗಿದ ಕಾಲದಲ್ಲಿ ಅದೇ ಕೈಗಳು ಸಿತಾರ್ ಮತ್ತು ತಂಬೂರಿಗಳತ್ತ ತಿರುಗಿದವು. ಇಂದಿಗೂ ಅವರ ವಂಶಜರು ಹಾಗೂ ಶಿಷ್ಯಪರಂಪರೆಯವರು ಅಲ್ಲಿ ಈ ಕೆಲಸವನ್ನು ಮುಂದುವರಿಸಿದ್ದಾರೆ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಈ ವಾದ್ಯಗಳ ಬುರುಡೆ ಮಿರಜಿನದಲ್ಲ. ಅದಕ್ಕೆ ಬೇಕಾದ ದೊಡ್ಡ ಸೋರೆಯನ್ನು ಸೊಲ್ಲಾಪುರ ಜಿಲ್ಲೆಯ ಪಂಢರಪುರ ಮತ್ತು ಮಂಗಳವೇಢೆಯ ಸುತ್ತಲಿನ ಭೀಮಾ ತೀರದ ಹೊಲಗಳಲ್ಲಿ ಬೆಳೆಯುತ್ತಾರೆ. ಮಂಗಳವೇಢೆ ಬಸವಣ್ಣನವರ ಹೆಸರಿನೊಂದಿಗೆ ಬೆಸೆದುಕೊಂಡ ಊರೆಂಬುದನ್ನು ಕನ್ನಡದ ಓದುಗರಿಗೆ ನೆನಪಿಸಬೇಕಾಗಿಲ್ಲ. ಅಲ್ಲಿ ಬೆಳೆದು ಒಣಗಿದ ಕಾಯಿ ಮಿರಜಿಗೆ ಬಂದು ತಂಬೂರಿಯಾಗಿ, ಅಲ್ಲಿಂದ ಕುಂದಗೋಳಕ್ಕೂ ಧಾರವಾಡಕ್ಕೂ ಹುಬ್ಬಳ್ಳಿಗೂ ಪುಣೆಗೂ ಹೋಗುತ್ತದೆ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು (ಮರಣ 1937) ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾದದ್ದು, ಮಲ್ಲಿಕಾರ್ಜುನ ಮನ್ಸೂರರ ಆರಂಭದ ಗುರುಗಳಾದ ನೀಲಕಂಠಬುವಾ ಅವರು ಮಿರಜಿನವರೆಂದೇ ಪ್ರಸಿದ್ಧರಾದದ್ದು, ಇವೆಲ್ಲವೂ ಇದೇ ದಾರಿಯ ಸಂಗತಿಗಳು. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಧಾರವಾಡ, ಬೆಳಗಾವಿ, ವಿಜಾಪುರ, ಸೊಲ್ಲಾಪುರಗಳು ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಆಮೇಲೆ ತಯಾರಕ ಒಂದು ರಾಜ್ಯದಲ್ಲಿ, ಹಾಡುವವರು ಮತ್ತೊಂದರಲ್ಲಿ ಉಳಿದರು. ವಾದ್ಯ ಮಾತ್ರ ಗಡಿ ದಾಟುವುದನ್ನು ನಿಲ್ಲಿಸಲಿಲ್ಲ.

ದಾಟುವುದು ಸುಲಭವೂ ಆಗಿರಲಿಲ್ಲ. ತಂಬೂರಿಯ ಬುರುಡೆ ದೊಡ್ಡದು, ಆದರೆ ತೆಳು. ತಬಲಿಯ ಮೇಲೆ ಕುದುರೆ, ದಂಡಿಯ ತುದಿಯಲ್ಲಿ ಬಿರಡೆಗಳು, ಬುರುಡೆ ಮತ್ತು ದಂಡಿ ಕೂಡುವಲ್ಲಿ ಅಂಟಿನ ಬೆಸುಗೆ. ತಂತಿಯನ್ನು ಸಡಿಲಿಸದೆ ಕಳುಹಿಸಿದರೆ ಬಿಸಿಲು ಮತ್ತು ತೇವದ ಏರಿಳಿತಕ್ಕೆ ಬೆಸುಗೆ ಬಿಡಬಹುದು. ಕುದುರೆಯನ್ನು ಸ್ಥಳದಲ್ಲೇ ಬಿಟ್ಟರೆ ಕುಲುಕಾಟಕ್ಕೆ ಅದು ಸರಿದು ಜವಾರಿ ಕೆಡಬಹುದು. ತತ್ವಪದಕಾರರು ಏಕತಾರಿಯನ್ನು ಹೆಗಲಿಗೆ ಹಾಕಿಕೊಂಡೇ ನಡೆದರು. ಅವರಿಗೆ ಸಾಗಣೆಯ ಸಮಸ್ಯೆಯೇ ಇರಲಿಲ್ಲ. ವಾದ್ಯ ಒಂದು ಕಡೆ, ಅದರ ಒಡೆಯ ಇನ್ನೊಂದು ಕಡೆ ಇರುವ ಸ್ಥಿತಿ ರೈಲು ಮತ್ತು ಅಂಚೆಯ ಕಾಲದ್ದು.

ಮೂರು ಅಳತೆಯ ಹಳಿಗಳು

ದಕ್ಷಿಣ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಸ್ಥಾಪನೆಯಾಯಿತು. ಅದರ ಮೀಟರ್ ಗೇಜ್ ಹಳಿಗಳು ಒಂದು ಕಡೆ ಹೊಟಗಿಯಿಂದ ವಿಜಾಪುರದ ಮೂಲಕ ಗದಗಕ್ಕೂ, ಇನ್ನೊಂದು ಕಡೆ ಪುಣೆಯಿಂದ ಮಿರಜು, ಬೆಳಗಾವಿಗಳ ಮೂಲಕ ಲೋಂಡಾಕ್ಕೂ ಸಾಗಿದವು. ಹೀಗಾಗಿ ಮಿರಜಿನಲ್ಲಿ ಹತ್ತಿಸಿದ ಪಾರ್ಸೆಲ್ ಧಾರವಾಡಕ್ಕೋ ಹುಬ್ಬಳ್ಳಿಗೋ ಒಂದೇ ಅಳತೆಯ ಹಳಿಯ ಮೇಲೆ ಹೋಗಬಹುದಾಗಿತ್ತು. ಮುಂಬಯಿಗೆ ಹೋಗಬೇಕಾದರೆ ಪುಣೆಯಲ್ಲಿ ಬ್ರಾಡ್ ಗೇಜಿಗೆ ಬದಲಾಗಬೇಕಿತ್ತು. ಬಾರ್ಶಿ ಲೈಟ್ ರೈಲ್ವೆಯ ಎರಡೂವರೆ ಅಡಿಯ ನ್ಯಾರೋ ಗೇಜ್ ಹಳಿ 1927ರಲ್ಲಿ ಪಂಢರಪುರದ ಕಡೆಯಿಂದ ಮಿರಜನ್ನು ಮುಟ್ಟಿತು. ಸೊಲ್ಲಾಪುರಕ್ಕೆ ಆ ದಾರಿಯಲ್ಲಿ ಹೋಗುವ ಸರಕು ಕುರ್ಡುವಾಡಿಯಲ್ಲಿ ಮತ್ತೆ ಬ್ರಾಡ್ ಗೇಜಿಗೆ ಏರಬೇಕು. 1970ರ ದಶಕದ ಆರಂಭದಲ್ಲಿ ಪುಣೆ–ಮಿರಜು ಮಾರ್ಗ ಬ್ರಾಡ್ ಗೇಜ್ ಆದ ಮೇಲೆ, ಬೆಂಗಳೂರಿನ ಕಡೆಯ ಹಳಿ ಮೀಟರ್ ಗೇಜಿನಲ್ಲೇ ಉಳಿದದ್ದರಿಂದ, ಮಿರಜು ಮೂರೂ ಅಳತೆಯ ಹಳಿಗಳು ಕೂಡುವ ಅಪರೂಪದ ನಿಲ್ದಾಣವಾಯಿತು.

ರೈಲು ಅಭಿಮಾನಿಗಳಿಗೆ ಇದೊಂದು ಕೌತುಕ. ಒಡೆಯುವ ವಸ್ತುವನ್ನು ಕಳುಹಿಸುವವನಿಗೆ ಇದರ ಅರ್ಥ ಬೇರೆ: ಹಳಿಯ ಅಳತೆ ಬದಲಾದಲ್ಲೆಲ್ಲ ಪೆಟ್ಟಿಗೆಯನ್ನು ಕೈಯಿಂದ ಇಳಿಸಿ ಇನ್ನೊಂದು ಬೋಗಿಗೆ ಏರಿಸಬೇಕು. ಪ್ರತಿ ಇಳಿಸುವಿಕೆಯೂ ಒಂದು ಅಪಾಯ, ಮತ್ತು ಬಿರುಕು ಎಲ್ಲಿ ಬಿತ್ತು ಎಂದು ಆಮೇಲೆ ತೋರಿಸುವುದು ಅಸಾಧ್ಯ. ಆದ್ದರಿಂದ ‘ಯಾರ ತಪ್ಪು’ ಎಂಬ ಪ್ರಶ್ನೆಗಿಂತ ‘ಯಾರ ಹೊಣೆ’ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಕಾನೂನು ಉತ್ತರಿಸಲು ಯತ್ನಿಸಿದ್ದು ಎರಡನೆಯ ಪ್ರಶ್ನೆಗೆ.

ಕಲ್ಯಾಣದಿಂದ 1890ರವರೆಗೆ

ಸಾಗಣೆದಾರನ ಹೊಣೆಯ ವಿಚಾರ ವಸಾಹತುಶಾಹಿಯ ಜೊತೆ ಬಂದದ್ದಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು, ರಾಜನಿಂದಲೋ ದೈವದಿಂದಲೋ ನಾಶವಾಗದೆ ಹೊರುವವನ ಕೈಯಲ್ಲಿ ಹಾಳಾದ ಸರಕಿಗೆ ಅವನೇ ಬೆಲೆ ತೆರಬೇಕೆಂದು ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಇಂಗ್ಲೆಂಡಿನ ನ್ಯಾಯಾಲಯಗಳು ರೂಪಿಸಿದ ಸಾರ್ವಜನಿಕ ಸಾಗಣೆದಾರನ ತತ್ವವೂ ಇದಕ್ಕೆ ಬಹಳ ಹತ್ತಿರದ್ದು: ದೈವಕೃತ್ಯ ಮತ್ತು ರಾಜನ ಶತ್ರುಗಳ ಕೃತ್ಯ, ಈ ಎರಡನ್ನು ಬಿಟ್ಟರೆ ಉಳಿದೆಲ್ಲ ನಷ್ಟಕ್ಕೂ ಅವನು ಹೊಣೆ. ಒಂದು ಪರಂಪರೆ ಇನ್ನೊಂದರಿಂದ ಪಡೆಯಿತೆಂದು ಹೇಳುವ ಅಗತ್ಯವಿಲ್ಲ. ವಸ್ತುವನ್ನು ಕಣ್ಣಳತೆಯ ಆಚೆಗೆ ಒಯ್ಯುವವನ ಬಗೆಗಿನ ಅನುಮಾನ ಎರಡೂ ಕಡೆ ಸಮಾನವಾಗಿತ್ತು.

ವಿಮೆಯ ವಿಷಯದಲ್ಲಿಯೂ ಹೀಗೆಯೇ. ಕನ್ನಡದ ‘ವಿಮೆ’ ಪಾರಸಿಯ ‘ಬೀಮಾ’ದಿಂದ ಬಂದದ್ದು, ಅದರ ಹಿಂದೆ ಭಯ, ಅಪಾಯ ಎಂಬರ್ಥದ ‘ಬೀಮ್’ ಇದೆ. ವ್ಯಾಪಾರಿಗಳ ‘ಜೋಖಮಿ ಹುಂಡಿ’ಯಲ್ಲಿ ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹಣ ಕೊಡಬೇಕೆಂಬ ಷರತ್ತು ಇತ್ತು, ಹುಂಡಿಯೂ ವಿಮೆಯೂ ಒಂದೇ ಕಾಗದದಲ್ಲಿ ಸೇರಿದ್ದವು. ಈ ವ್ಯವಸ್ಥೆಗಳು ನಡೆದದ್ದು ಪರಿಚಯ ಮತ್ತು ಮಾತಿನ ಬಲದಿಂದ. ಒಂದು ವಸ್ತುವಿನ ಬೆಲೆ ಕಟ್ಟುವವನಿಗೆ ಆ ವಸ್ತುವಿನ ಜ್ಞಾನ ಇರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಶಾಸನಗಳು ಈ ಸಂಬಂಧವನ್ನು ಬದಲಿಸಿದವು. ಇಂಗ್ಲೆಂಡಿನ 1830ರ ಸಾಗಣೆದಾರರ ಕಾಯ್ದೆ, ಹತ್ತು ಪೌಂಡಿಗಿಂತ ಹೆಚ್ಚು ಬೆಲೆಯ ಕೆಲವು ವಸ್ತುಗಳನ್ನು ಒಪ್ಪಿಸುವಾಗ ಅವು ಏನೆಂಬುದನ್ನೂ ಅವುಗಳ ಮೌಲ್ಯವನ್ನೂ ಮುಂಚಿತವಾಗಿ ಘೋಷಿಸದಿದ್ದರೆ ಸಾಗಣೆದಾರ ಹೊಣೆಯಲ್ಲ ಎಂದಿತು. ಭಾರತದ 1865ರ ಕಾಯ್ದೆ ಇದೇ ಮಾದರಿಯಲ್ಲಿ ನೂರು ರೂಪಾಯಿಯ ಮಿತಿಯನ್ನು ಇಟ್ಟಿತು. 1890ರ ಭಾರತೀಯ ರೈಲ್ವೆ ಕಾಯ್ದೆಯ 75ನೆಯ ಕಲಮು ಮತ್ತು ಎರಡನೆಯ ಅನುಸೂಚಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಚಿನ್ನ, ಬೆಳ್ಳಿ, ಮುತ್ತು, ಗಡಿಯಾರ, ಹಕ್ಕುಪತ್ರ, ಚಿತ್ರ, ಶಾಲು, ದಂತ, ಶ್ರೀಗಂಧ, ಕಸ್ತೂರಿಗಳ ಆ ದೀರ್ಘ ಪಟ್ಟಿಯಲ್ಲಿ ಸಂಗೀತವಾದ್ಯಗಳೂ ವೈಜ್ಞಾನಿಕ ಉಪಕರಣಗಳೂ ಒಂದೇ ನಮೂದಿನಲ್ಲಿ ಕುಳಿತಿವೆ. ಅವುಗಳ ಬೆಲೆ ನೂರು ರೂಪಾಯಿ ಮೀರಿದ್ದು, ಕಳುಹಿಸುವವನು ಅದನ್ನು ಘೋಷಿಸದಿದ್ದರೆ, ಮತ್ತು ಕೇಳಿದಾಗ ಹೆಚ್ಚಿನ ಅಪಾಯಕ್ಕಾಗಿ ಶೇಕಡಾವಾರು ಶುಲ್ಕವನ್ನು ತೆರದಿದ್ದರೆ, ನಷ್ಟಕ್ಕೆ ರೈಲ್ವೆ ಜವಾಬ್ದಾರವಲ್ಲ.

ಇದರ ಪರಿಣಾಮ ವಿಚಿತ್ರ. ತೊಂಬತ್ತು ರೂಪಾಯಿಯ ಹಾರ್ಮೋನಿಯಂ ಸಾಮಾನ್ಯ ಸರಕಿನ ನಿಯಮದ ಆಸರೆ ಪಡೆಯುತ್ತಿತ್ತು. ನೂರೈವತ್ತು ರೂಪಾಯಿಯ ತಂಬೂರಿ, ಘೋಷಣೆಯಿಲ್ಲದೆ ಹೋದರೆ, ಯಾವ ಆಸರೆಯನ್ನೂ ಪಡೆಯುತ್ತಿರಲಿಲ್ಲ. ಅಮೂಲ್ಯತೆಯೇ ವಸ್ತುವನ್ನು ರಕ್ಷಣೆಯ ಹೊರಗೆ ತಳ್ಳುತ್ತಿತ್ತು. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು: ಘೋಷಿಸಿದ ಮೊತ್ತ ಪರಿಹಾರದ ಗರಿಷ್ಠ ಮಿತಿಯಾಗಿತ್ತೇ ಹೊರತು ಪುರಾವೆಯಾಗಿರಲಿಲ್ಲ. ಘೋಷಿಸಿದ ಬೆಲೆಯೇ ನಿಜವಾದ ಬೆಲೆ ಎಂದು ರುಜುವಾತುಪಡಿಸುವ ಭಾರ ಪರಿಹಾರ ಕೇಳುವವನ ಮೇಲೆಯೇ ಉಳಿಯುತ್ತಿತ್ತು. ಕಡಿಮೆ ಬರೆದವನನ್ನು ಅವನ ಮಾತು ಕಟ್ಟಿಹಾಕುತ್ತಿತ್ತು. ಹೆಚ್ಚು ಬರೆದವನಿಗೆ ಅವನ ಮಾತೇ ಸಾಲುತ್ತಿರಲಿಲ್ಲ.

1890ರ ಕಾಯ್ದೆಯ ಅಡಿಯಲ್ಲಿ ರೈಲ್ವೆಯ ಸಾಮಾನ್ಯ ಹೊಣೆ, ಪರರ ವಸ್ತುವನ್ನು ತಾತ್ಕಾಲಿಕವಾಗಿ ಇರಿಸಿಕೊಂಡವನ ಎಚ್ಚರಿಕೆಗೆ ಸೀಮಿತವಾಗಿತ್ತು. ಕಡಿಮೆ ದರಕ್ಕೆ ‘ಮಾಲೀಕನ ಜೋಖಮಿ’ನ ಮೇಲೆ ಕಳುಹಿಸುವ ಪತ್ರಗಳಿಗೆ ಸಹಿ ಹಾಕಿದಾಗ ಆ ಹೊಣೆಯೂ ಇನ್ನಷ್ಟು ತೆಳುವಾಗುತ್ತಿತ್ತು. 1961ರ ತಿದ್ದುಪಡಿಯ ಮೂಲಕ, 1962ರ ಜನವರಿ 1ರಿಂದ, ರೈಲ್ವೆ ಸಾರ್ವಜನಿಕ ಸಾಗಣೆದಾರನ ಪೂರ್ಣ ಹೊಣೆಯನ್ನು ಹೊತ್ತಿತು. ಕಲ್ಯಾಣದ ವ್ಯಾಖ್ಯಾನಕಾರನಿಗೆ ಪರಿಚಿತವಾಗಿದ್ದ ತತ್ವಕ್ಕೆ ಸುತ್ತು ಬಳಸಿ ಮರಳಿದಂತಾಯಿತು.

ತೂಕದಿಂದ ಅಳೆಯುವ ನ್ಯಾಯ

ಇಪ್ಪತ್ತನೆಯ ಶತಮಾನ ಇನ್ನೊಂದು ಅಳತೆಯನ್ನು ತಂದಿತು. ವಿಮಾನ ಸಾಗಣೆಯ 1929ರ ವಾರ್ಸಾ ಒಪ್ಪಂದವು ಸರಕಿನ ನಷ್ಟಕ್ಕೆ ಕಿಲೋಗ್ರಾಂ ಒಂದಕ್ಕೆ 250 ಚಿನ್ನದ ಫ್ರಾಂಕುಗಳ ಮಿತಿಯನ್ನು ನಿಗದಿಪಡಿಸಿತು. 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಇದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ವಿಶೇಷ ಹಕ್ಕುಗಳ ಲೆಕ್ಕದಲ್ಲಿ ಕಿಲೋಗ್ರಾಂಗೆ 17 ಆಯಿತು. ಬಳಿಕ 19, 22, ಮತ್ತು 2024ರ ಡಿಸೆಂಬರ್‌ನಿಂದ 26ಕ್ಕೆ ಏರಿತು. ಭಾರತ ಈ ಒಪ್ಪಂದವನ್ನು ಸೇರಿದ್ದು 2009ರಲ್ಲಿ. ಎರಡೂ ಒಪ್ಪಂದಗಳಲ್ಲಿ ಮಿತಿಯಿಂದ ಪಾರಾಗುವ ದಾರಿ ಒಂದೇ: ಒಪ್ಪಿಸುವಾಗಲೇ ವಿಶೇಷ ಹಿತಾಸಕ್ತಿಯನ್ನು ಘೋಷಿಸಿ, ಹೆಚ್ಚುವರಿ ಹಣ ತೆರುವುದು.

ದೇಶದ ಒಳಗೂ ತೂಕವೇ ಆಳಿತು. 1989ರ ರೈಲ್ವೆ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ 1990ರ ನಿಯಮಗಳಂತೆ, ಮೌಲ್ಯ ಘೋಷಿಸದ ಸಾಮಾನ್ಯ ಸರಕಿಗೆ ಪರಿಹಾರದ ಮಿತಿ ಕಿಲೋಗ್ರಾಂಗೆ 50 ರೂಪಾಯಿ. ಪೆಟ್ಟಿಗೆಯೂ ಸೇರಿ ಎಂಟು ಕಿಲೋ ತೂಗುವ ತಂಬೂರಿಯ ಬೆಲೆ ಈ ಲೆಕ್ಕದಲ್ಲಿ 400 ರೂಪಾಯಿ. ರಸ್ತೆ ಸಾಗಣೆಯಲ್ಲಿ 1865ರ ಕಾಯ್ದೆಯ ಸ್ಥಾನಕ್ಕೆ ಬಂದ 2007ರ ಕಾಯ್ದೆ ಮತ್ತು ಅದರ 2011ರ ನಿಯಮಗಳು, ಹೆಚ್ಚಿನ ಜೋಖಮಿನ ದರವನ್ನು ತೆರದಿದ್ದಲ್ಲಿ, ಪರಿಹಾರವನ್ನು ಸಾಗಣೆ ದರದ ಹತ್ತು ಪಟ್ಟಿಗೆ ಸೀಮಿತಗೊಳಿಸಿದವು. ಅದೂ ಘೋಷಿತ ಮೌಲ್ಯವನ್ನು ಮೀರುವಂತಿಲ್ಲ.

ಸರಕಿನ ದರ ಕಟ್ಟುವಾಗ ಮಾತ್ರ ಬೇರೊಂದು ಗಣಿತ ಚಾಲ್ತಿಗೆ ಬರುತ್ತದೆ. ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ‘ಗಾತ್ರಾಧಾರಿತ ತೂಕ’ವನ್ನು ಪಡೆಯುತ್ತವೆ. 150 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರದ ಪೆಟ್ಟಿಗೆ ಈ ಲೆಕ್ಕದಲ್ಲಿ 75 ಕಿಲೋ. ಒಳಗೆ ಇರುವುದು ಬಹುತೇಕ ಗಾಳಿ. ಆ ಗಾಳಿಯೇ ತಂಬೂರಿಯ ನಾದದ ಆಧಾರ. ಹಣ ಪಡೆಯುವಾಗ ಗಾಳಿಯನ್ನೂ ತೂಗುವ ವ್ಯವಸ್ಥೆ, ತೂಕದ ಮೇಲೆ ಪರಿಹಾರ ಕೊಡಬೇಕಾದಲ್ಲಿ ತಕ್ಕಡಿಯ ತೂಕವನ್ನಷ್ಟೇ ಒಪ್ಪುತ್ತದೆ.

ಪ್ರತ್ಯೇಕ ವಿಮೆ ಪಡೆದವರಿಗೂ ಬೇರೆ ತೊಡಕುಗಳಿವೆ. 1963ರ ಭಾರತೀಯ ಸಾಗರ ವಿಮಾ ಕಾಯ್ದೆ ಸಾಮಾನ್ಯ ಸವೆತ, ಸಾಮಾನ್ಯ ಒಡೆತ ಮತ್ತು ವಸ್ತುವಿನ ಅಂತರ್ಗತ ದೋಷಗಳನ್ನು, ಕರಾರಿನಲ್ಲಿ ಬೇರೆ ಹೇಳದ ಹೊರತು, ವಿಮೆಯ ಆಚೆಗೆ ಇಡುತ್ತದೆ. ಸರಕು ವಿಮೆಯ ಪ್ರಚಲಿತ ಕರಾರುಗಳು ಅಸಮರ್ಪಕ ಪ್ಯಾಕಿಂಗಿನಿಂದಾದ ನಷ್ಟವನ್ನೂ ಹೊರಗಿಡುತ್ತವೆ. ಬುರುಡೆ ಸೀಳಿದ್ದು ಪೆಟ್ಟಿನಿಂದಲೋ, ಒಣಗಿದ್ದರಿಂದಲೋ? ಸೋರೆಯ ಸ್ವಭಾವವೇ ಅಂತರ್ಗತ ದೋಷವೇ? ಹುಲ್ಲು ಮತ್ತು ಹಳೆಯ ಬಟ್ಟೆಯನ್ನು ತುಂಬಿ ಮರದ ಪೆಟ್ಟಿಗೆಯಲ್ಲಿ ಕಟ್ಟಿದ್ದು ಸಮರ್ಪಕವೇ? ಇವಕ್ಕೆ ಉತ್ತರ ಕೊಡಬಲ್ಲವನು ವಾದ್ಯ ಕಟ್ಟಿದ ಕುಶಲಿ. ಆದರೆ ಸಮೀಕ್ಷಕನ ವರದಿಯಲ್ಲಿ ಅವನ ಮಾತಿಗೆ ಸ್ಥಾನ ಸಿಗಬೇಕಾದರೆ ಅದು ಬರಹವಾಗಿರಬೇಕು.

ಘೋಷಣೆಯ ಭಾಷೆ

1830ರಿಂದ ಇಂದಿನವರೆಗಿನ ಈ ಎಲ್ಲ ಕಾನೂನುಗಳ ನಡುವೆ ಒಂದು ಸಾಮಾನ್ಯ ಸೂತ್ರವಿದೆ: ವಸ್ತುವಿನ ಬೆಲೆ ವಸ್ತುವಿನಲ್ಲಿಲ್ಲ, ಅದರ ಬಗ್ಗೆ ಒಪ್ಪಿಸುವಾಗ ಬರೆದ ವಾಕ್ಯದಲ್ಲಿದೆ. ಘೋಷಣೆ ಒಂದು ಭಾಷಿಕ ಕ್ರಿಯೆ. ಆ ಕ್ರಿಯೆಯನ್ನು ನಿಶ್ಚಿತ ಸಮಯದಲ್ಲಿ, ನಿಶ್ಚಿತ ಜಾಗದಲ್ಲಿ, ನಿಶ್ಚಿತ ಭಾಷೆಯಲ್ಲಿ ಮಾಡದವನಿಗೆ ಆಮೇಲೆ ಮಾತನಾಡುವ ಹಕ್ಕು ಇಲ್ಲ.

ಪಾಶ್ಚಾತ್ಯ ಪಿಟೀಲುಗಳ ಜಗತ್ತಿನಲ್ಲಿ ಈ ವಾಕ್ಯವನ್ನು ಸಿದ್ಧಪಡಿಸುವ ಒಂದು ದೊಡ್ಡ ವ್ಯವಸ್ಥೆಯೇ ಬೆಳೆದಿದೆ. ಒಳಗೆ ಅಂಟಿಸಿದ ತಯಾರಕನ ಚೀಟಿ, ತಜ್ಞರ ಪ್ರಮಾಣಪತ್ರ, ಹರಾಜಿನ ದಾಖಲೆ, ಹಿಂದಿನ ಒಡೆಯರ ಪಟ್ಟಿ, ಇವುಗಳ ಆಧಾರದ ಮೇಲೆ ವಿಮೆಗಾರ ಮತ್ತು ಒಡೆಯ ಮೊದಲೇ ಒಂದು ಮೊತ್ತಕ್ಕೆ ಒಪ್ಪಿಕೊಳ್ಳುತ್ತಾರೆ. ನಮ್ಮ ತಂಬೂರಿಗಳ ಜ್ಞಾನ ಬಹುಮಟ್ಟಿಗೆ ಬಾಯಿಮಾತಿನದು. ಇದು ಯಾರ ಕೈಕೆಲಸ, ಬುರುಡೆ ಯಾವ ಸುಗ್ಗಿಯದು, ಜವಾರಿಯನ್ನು ಯಾರು ತೆರೆದರು ಎಂಬುದನ್ನು ಮಿರಜಿನ ಹಿರಿಯ ಕುಶಲಿ ವಾದ್ಯವನ್ನು ಮುಟ್ಟಿ ಹೇಳಬಲ್ಲ. ಅವನು ಹೇಳುವುದು ಮರಾಠಿ, ದಖನಿ, ಕನ್ನಡಗಳು ಬೆರೆತ ಮಾತಿನಲ್ಲಿ. ಕೇಳುವ ಗಡಿನಾಡಿನ ಕನ್ನಡಿಗನಿಗೆ ಅದು ಪೂರ್ಣವಾಗಿ ಅರ್ಥವಾಗುತ್ತದೆ. ಬುಕಿಂಗ್ ಮೇಜಿನ ಅರ್ಜಿಗೆ ಅದರಲ್ಲಿ ಒಂದು ಪದವೂ ದಾಟುವುದಿಲ್ಲ. ಅಲ್ಲಿ ತಂಬೂರಿ ಗೃಹೋಪಯೋಗಿ ವಸ್ತುವಾಗುತ್ತದೆ. ನಮ್ಮ ಬಹುಭಾಷಿಕತೆಯನ್ನು ನಾವು ಹೆಮ್ಮೆಯಿಂದ ವರ್ಣಿಸುತ್ತೇವೆ. ಆದರೆ ಮೂರು ಭಾಷೆ ಬಲ್ಲ ನಾನೇ ಆ ದಿನ, ನಾಲ್ಕನೆಯವನ ಅನುಕೂಲಕ್ಕೆ ಬರೆದ ಎರಡು ಪದಗಳಿಗೆ ಸಹಿ ಹಾಕಿದೆ.

ಹೆಸರಿಸುವಿಕೆಯ ಈ ಒತ್ತಡ ಇತ್ತೀಚೆಗೆ ಮರದ ವಿಷಯದಲ್ಲೂ ಕಾಣಿಸಿಕೊಂಡಿತು. ಅಳಿವಿನಂಚಿನ ಪ್ರಭೇದಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ 2017ರ ಜನವರಿಯಿಂದ ಬೀಟೆ, ಶೀಶಮ್ ಮುಂತಾದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ ನಿಯಂತ್ರಣಕ್ಕೆ ಒಳಪಟ್ಟವು. ಸಿದ್ಧ ಸಂಗೀತವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ. ಆ ನಡುವಿನ ಅವಧಿಯಲ್ಲಿ ತನ್ನ ವಾದ್ಯದ ಮರ ಯಾವುದೆಂದು ಶಾಸ್ತ್ರೀಯ ಹೆಸರಿನಲ್ಲಿ ಬರೆಯಬಲ್ಲವನಿಗೂ ಬರೆಯಲಾರದವನಿಗೂ ಇದ್ದ ಅಂತರ ಸ್ಪಷ್ಟವಾಗಿತ್ತು. ಭೌಗೋಳಿಕ ಸೂಚಕವೂ ಈ ಅಂತರವನ್ನು ಪೂರ್ತಿ ತುಂಬುವುದಿಲ್ಲ. ಅದು ಊರಿನ ಹೆಸರನ್ನು ಕಾಯುತ್ತದೆ. ಒಂದೊಂದು ವಾದ್ಯದ ಜೀವನಚರಿತ್ರೆಯನ್ನು ಬರೆದಿಡುವುದಿಲ್ಲ.

ಉಪಸಂಹಾರ

ಪರಿಹಾರದ ಮಿತಿಗಳನ್ನು ಬದಲಿಸುವುದು ಶಾಸಕರ ಕೆಲಸ. ಭಾಷಾ ಸಂಶೋಧನ ಕೇಂದ್ರಗಳ ಕೈಗೆ ಎಟಕುವ ಕೆಲಸ ಇನ್ನೊಂದಿದೆ. ಗಡಿನಾಡಿನ ಮನೆ, ಮಠ, ಭಜನಾಮಂದಿರಗಳಲ್ಲಿರುವ ಹಳೆಯ ವಾದ್ಯಗಳಿಗೆ ಒಂದೊಂದು ಪುಟದ ದಾಖಲೆಯನ್ನು ಸಿದ್ಧಪಡಿಸಬಹುದು: ತಯಾರಕ, ತಯಾರಾದ ಸರಿಸುಮಾರು ಕಾಲ, ಬುರುಡೆ ಮತ್ತು ಮರದ ಮೂಲ, ಆದ ದುರಸ್ತಿಗಳು, ಅಳತೆ, ಛಾಯಾಚಿತ್ರ, ಕುಶಲಿಯೊಬ್ಬರು ಸಹಿ ಹಾಕಿದ ಬೆಲೆ. ಅದು ಕನ್ನಡದಲ್ಲಿರಬೇಕು, ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಇರಬೇಕು. ನಾವು ಶಾಸನ ಮತ್ತು ಹಸ್ತಪ್ರತಿಗಳಿಗೆ ಮಾಡಿದ್ದನ್ನೇ ವಾದ್ಯಗಳಿಗೂ ಮಾಡಬೇಕೆಂಬುದಷ್ಟೇ ಈ ಸೂಚನೆ. ಅಂಥ ಪುಟವೊಂದು ಕೈಯಲ್ಲಿದ್ದರೆ, 1890ರ ಕಾಯ್ದೆ ರವಾನೆದಾರನ ಮೇಲೆ ಹೊರಿಸಿದ್ದ ರುಜುವಾತಿನ ಭಾರದಂಥದ್ದನ್ನು ಇಂದಾದರೂ ಹೊರಲು ಸಾಧ್ಯವಾದೀತು.

ಅಜ್ಜಿಯ ತಂಬೂರಿಯನ್ನು ಮಾರನೆಯ ವರ್ಷ ಚಿಕ್ಕಮ್ಮ ಮತ್ತು ನಾನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಮಿರಜಿಗೆ ಒಯ್ದೆವು. ಬಿರುಕನ್ನು ನೋಡಿದ ಕುಶಲಿ, ಒಳಗಿನಿಂದ ಪಟ್ಟಿ ಅಂಟಿಸಿ ಸರಿಪಡಿಸಬಹುದೆಂದ, ಸರಿಪಡಿಸಿಯೂ ಕೊಟ್ಟ. ನಾದ ಮೊದಲಿನಂತೆಯೇ ಇದೆಯೆಂದು ಚಿಕ್ಕಮ್ಮ ಹೇಳುತ್ತಾರೆ. ಆ ಸಲ ನಾನು ಅವನಿಂದ ಒಂದು ಕಾಗದದ ಮೇಲೆ, ಅವನ ಅಕ್ಷರದಲ್ಲಿ, ವಾದ್ಯದ ವಿವರವನ್ನೂ ಬೆಲೆಯನ್ನೂ ಬರೆಸಿಕೊಂಡೆ. ಅವನು ಬರೆದ ಮೊತ್ತ 2000 ರೂಪಾಯಿಯ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಆ ಕಾಗದ ಈಗ ತಂಬೂರಿಯ ಗವಸಣಿಗೆಯಲ್ಲಿಯೇ ಇದೆ.